ಮುಂದಿನ ಎಡಗಡೆಯ ಸೀಟು

ಸೀಟು ಬಿಚ್ಚುವುದಕ್ಕೆ ಕಾಲು ಗಂಟೆಯೂ ಹಿಡಿಯಲಿಲ್ಲ. ಮೆಕ್ಯಾನಿಕ್ ಪೈಲಿ ಆಶಾನ್ ಕಾರಿನೊಳಗೆ ಮಂಡಿಯೂರಿ ಕೂತು, ಮೂರು ಸಲ ಮುಲುಗಿ, ಮೂರು ಬೋಲ್ಟುಗಳನ್ನು ಒಂದೊಂದಾಗಿ ಹೊರಗಿನ ಸಿಮೆಂಟಿನ ಮೇಲಿಟ್ಟು, ನಾಲ್ಕನೆಯದಕ್ಕಾಗಿ ಸೀಟಿನಡಿ ಕೈಯಾಡಿಸಿದ. ಸಿಕ್ಕಲಿಲ್ಲ. ತಲೆ ಹೊರಗೆ ಹಾಕಿ ಉಪೇಂದ್ರನ ಮುಖ ನೋಡಿದ. ಕಲೂರಿನ ಆ ವರ್ಕ್‌ಶಾಪಿನ ತಗಡಿನ ಮಾಡಿನ ಕೆಳಗೆ ಬೆಳಗಿನ ಒಂಬತ್ತಕ್ಕೇ ಸೆಕೆ ತಡೆಯುವಂತಿರಲಿಲ್ಲ. ಹೈಕೋರ್ಟಿಗೆ ಬೇಸಿಗೆ ರಜೆ ಇದ್ದರೂ ಅಭ್ಯಾಸದಿಂದ ಬಿಳಿ ಶರಟು ತೊಟ್ಟು ಬಂದಿದ್ದ ಉಪೇಂದ್ರ, ಎಲ್ಲಿಯೂ ಎಣ್ಣೆ ತಾಗದ ಹಾಗೆ ನಡುವೆ ನಿಂತಿದ್ದ.

"ನಾಲ್ಕನೆಯ ಬೋಲ್ಟ್ ಎಲ್ಲಿ ಸಾರೇ?"

"ಗೊತ್ತಿಲ್ಲ. ಸೆಕೆಂಡ್ ಹ್ಯಾಂಡ್ ತೆಗೆದುಕೊಂಡದ್ದು. ಬರುವಾಗಲೇ ಹೀಗಿತ್ತು."

ಮಾತು ಎಷ್ಟು ಸಲೀಸಾಗಿ ಬಂತೆಂದರೆ ಉಪೇಂದ್ರನಿಗೆ ತನ್ನ ಮಲಯಾಳದ ಬಗ್ಗೆಯೇ ಒಂದು ಕ್ಷಣ ಮೆಚ್ಚಿಗೆಯಾಯಿತು. ಕಾಸರಗೋಡಿನಿಂದ ಬಂದು ಎರ್ನಾಕುಲಂನ ಹೈಕೋರ್ಟಿನಲ್ಲಿ ಹದಿನೈದು ವರ್ಷಗಳಿಂದ ಕನ್ನಡದ ಪತ್ರ, ಪಟ್ಟೆ, ಸಾಕ್ಷಿ ಹೇಳಿಕೆಗಳನ್ನೆಲ್ಲ ಇಂಗ್ಲಿಷಿಗೆ ತಿರುಗಿಸುತ್ತಿದ್ದವನು ಅವನು. ಪ್ರತಿ ಹಾಳೆಯ ಕೆಳಗೆ 'ಯಥಾವತ್ತಾದ ಭಾಷಾಂತರ' ಎಂದು ಬರೆದು ಸಹಿ ಹಾಕುವವನು. ಯಾರದೋ ಸುಳ್ಳನ್ನು ಒಂದಕ್ಷರ ಹೆಚ್ಚುಕಡಿಮೆಯಾಗದಂತೆ ದಾಟಿಸುವುದು ಅವನಿಗೆ ಗೊತ್ತಿತ್ತು. ತನ್ನದನ್ನು ದಾಟಿಸುವುದಕ್ಕೆ ಅಷ್ಟೂ ಶ್ರಮವಾಗಲಿಲ್ಲ. ಆಶಾನ್ ಟಾರ್ಚ್ ಹಿಡಿದು ಮತ್ತೆ ಒಳಗೆ ಬಗ್ಗಿದ. "ಯಾರೋ ಮರದ ಬೆಣೆ ಕೊಟ್ಟು ನಿಲ್ಲಿಸುತ್ತಿದ್ದ ಹಾಗಿದೆ. ಹಳಿ ಪೂರ್ತಿ ಸವೆದಿದೆ ನೋಡಿ. ಬೆಣೆ ಜಾರಿದರೆ ಸೀಟು ಕೂತವರ ಸಮೇತ ಮುಂದಕ್ಕೆ ಹೋಗುತ್ತದೆ." ಹೌದಾ, ಎಂದ ಉಪೇಂದ್ರ. ಆ ಬೆಣೆ ಹಣ್ಣಿನ ಪೆಟ್ಟಿಗೆಯೊಂದರ ಚೂರು. ದಿನಾ ಬೆಳಿಗ್ಗೆ ಬಾಗಿಲು ತೆರೆದು ಬೂಟಿನ ತುದಿಯಿಂದ ಅದನ್ನು ಒಮ್ಮೆ ಒಳಕ್ಕೆ ಒದೆಯುವುದು, ಗಡಿಯಾರಕ್ಕೆ ಕೀಲಿ ಕೊಟ್ಟಷ್ಟೇ ಸಹಜವಾಗಿ ಅವನ ದಿನಚರಿಗೆ ಸೇರಿಹೋಗಿತ್ತು. "ಈ ಸೀಟನ್ನೊಮ್ಮೆ ಸರಿ ಮಾಡಿಸಿ ಮಾರಾಯ್ರೆ, ಕೂತರೆ ತೊಟ್ಟಿಲಿನ ಹಾಗೆ ಆಡುತ್ತದೆ," ಎಂದು ಹೆಂಡತಿ ದಾಕ್ಷಾಯಣಿ ಹೇಳಿದಾಗಲೆಲ್ಲ, ನಾಳೆ, ಎನ್ನುತ್ತಿದ್ದ. ಹಾಗೆ ಹೇಳುವಾಗ ನಿಜವಾಗಿಯೂ ನಾಳೆ ಎಂದೇ ಅವನಿಗೆ ಅನಿಸುತ್ತಿತ್ತು.

ಆಶಾನ್ ಹೊರಗೆ ಬಂದು, ಹಣೆಯ ಬೆವರನ್ನು ತೋಳಿನಿಂದ ಒರೆಸಿ, ಕಾರಿನ ಸುತ್ತ ಒಂದು ಸುತ್ತು ಹಾಕಿದ. ಎರಡೇ ಬಾಗಿಲಿನ, ಬೂದು ಬಣ್ಣದ, ಇಪ್ಪತ್ತು ವರ್ಷ ಹಳೆಯ ಕಾರು. ನಂಬರ್ ಪ್ಲೇಟಿನ ಎದುರು ಅವನು ಸ್ವಲ್ಪ ಹೊತ್ತು ನಿಂತ. "ಸಾರೇ, ಇದೇ ಕಾರಲ್ಲವಾ? ಎರಡು ವರ್ಷದ ಹಿಂದೆ, ವಿಷುವಿಗೆ ಮೊದಲು ನೀವು ಬಂದಿದ್ದಿರಿ. ಸೀಟು ಅಲ್ಲಾಡುತ್ತದೆ ಅಂದಿರಿ. ಅರ್ಧ ದಿನ ಬಿಟ್ಟು ಹೋಗಿ ಅಂದೆ ನಾನು. ಕೋರ್ಟ್ ಮುಚ್ಚುವುದರೊಳಗೆ ಯಾವುದೋ ಕಾಗದ ಮುಗಿಸಬೇಕು, ಆಮೇಲೆ ತರುತ್ತೇನೆ ಅಂತ ಹೋದಿರಿ."

ಉಪೇಂದ್ರ ಇಲ್ಲವೆನ್ನಬಹುದಾಗಿತ್ತು. ಹೌದೆನ್ನಬಹುದಾಗಿತ್ತು. ಅವನು ಎರಡನ್ನೂ ಹೇಳದೆ, ಕಾಪಿ ಹೊಡೆಯುವಾಗ ಸಿಕ್ಕಿಬಿದ್ದ ಹುಡುಗನ ಹಾಗೆ ನೆಲದ ಮೇಲಿನ ಮೂರು ಬೋಲ್ಟುಗಳನ್ನು ನೋಡುತ್ತ ನಿಂತ. ಆಶಾನನ ದೃಷ್ಟಿ ಎದುರಿನ ಗಾಜಿಗೆ ಹೋಯಿತು. ಹಳೆಯ ಕಾರಿನಲ್ಲಿ ಗಾಜು ಮಾತ್ರ ಹೊಸದು. ಡ್ಯಾಶ್‌ಬೋರ್ಡಿನ ಎಡಭಾಗದಲ್ಲಿ ತಗಡು ತಟ್ಟಿ ಬಣ್ಣ ಬಳಿದ ಗುರುತಿತ್ತು. ಅವನು ಇನ್ನೇನೂ ಕೇಳಲಿಲ್ಲ. ತಲೆಗೆ ಕಟ್ಟಿದ್ದ ಬಟ್ಟೆಯನ್ನು ಬಿಚ್ಚಿ, ಕೊಡವಿ, ಮತ್ತೆ ಕಟ್ಟಿಕೊಂಡು, "ಕೂತುಕೊಳ್ಳಿ ಸಾರೇ," ಎಂದು ಒಂದು ಸ್ಟೂಲನ್ನು ಮುಂದಕ್ಕೆ ತಳ್ಳಿದ. ಆ ದಯೆಗಿಂತ ಬೈದಿದ್ದರೇ ಚೆನ್ನಾಗಿತ್ತು.

ಆಶಾನನ ಕೆಲಸ ಅಚ್ಚುಕಟ್ಟು. ಯಾವುದೋ ಮುರಿದ ಹೊಸ ಕಾರಿನಿಂದ ತೆಗೆದು ತಂದಿದ್ದ ಎರಡು ಕಂದು ಸೀಟುಗಳಿಗೆ ನೆಲದಲ್ಲಿ ಹೊಸ ತೂತು ಕೊರೆದು, ಅಡಿಯಿಂದ ಉಕ್ಕಿನ ಪಟ್ಟಿ ಕೊಟ್ಟು, ಎಂಟು ಬೋಲ್ಟು ಬಿಗಿದ. ಬೆಲ್ಟುಗಳನ್ನು ಉಪೇಂದ್ರನೇ ತಂದಿದ್ದ. ಮಟ್ಟಾಂಚೇರಿಯಲ್ಲಿ ಹಡಗಿನವರು ತಂದ ಪರದೇಶದ ಸಾಮಾನು ಮಾರುವ ಅಂಗಡಿಯಲ್ಲಿ ಮೂರು ವಾರ ಅಲೆದು ಹುಡುಕಿದ, ಬೂದಿ ಬಣ್ಣದ ನೇಯ್ದ ಪಟ್ಟಿಗಳು. ಕಚೇರಿಯಲ್ಲಿ ಅವನ್ನು ಮೇಜಿನ ಡ್ರಾಯರಿನಲ್ಲಿ ಇಟ್ಟದ್ದು ಕಂಡು ಪಕ್ಕದ ಮೇಜಿನ ಗಣಪತಿ, "ಎಂತ ಮಾರಾಯ, ವಿಮಾನ ಹಾರಿಸುತ್ತೀಯಾ?" ಎಂದು ನಕ್ಕಿದ್ದ. ಆ ಮೇಲೆ, ನಗಬಾರದಿತ್ತೆಂದು ನೆನಪಾಗಿ, ಸಂಜೆಯವರೆಗೂ ತಲೆ ಎತ್ತದೆ ಬರೆಯುತ್ತ ಕೂತಿದ್ದ. ಎರಡು ವರ್ಷಗಳಿಂದ ಜನ ಉಪೇಂದ್ರನೆದುರು ಹೀಗೆಯೇ, ನಗುವನ್ನು ಅರ್ಧಕ್ಕೆ ನುಂಗುತ್ತಿದ್ದರು. ಆಶಾನ್ ಬಾಗಿಲ ಪಕ್ಕದ ಕಂಬಕ್ಕೊಂದು, ನೆಲಕ್ಕೆ ಎರಡು ಕೊಂಡಿ ಬಿಗಿದು, ತಾನೇ ಎಡಗಡೆಯ ಸೀಟಿನಲ್ಲಿ ಕೂತು, ಪಟ್ಟಿ ಎಳೆದು ಸಿಕ್ಕಿಸಿ, ಭಾರವಾದ ಮೈಯನ್ನು ಮುಂದಕ್ಕೆ ಎಸೆದ. ಪಟ್ಟಿ ಅವನನ್ನು ಹಿಡಿದು ನಿಲ್ಲಿಸಿತು. ಇನ್ನೊಮ್ಮೆ ಎಸೆದ. ಮತ್ತೆ ಹಿಡಿಯಿತು. ಡ್ಯಾಶ್‌ಬೋರ್ಡಿಗೂ ಅವನ ಹಣೆಗೂ ನಡುವೆ ಒಂದು ಗೇಣಿನಷ್ಟು ಜಾಗ ಉಳಿಯುತ್ತಿತ್ತು. ಉಪೇಂದ್ರ ಆ ಖಾಲಿ ಜಾಗವನ್ನೇ ನೋಡಿದ. ಅಷ್ಟೇ ಜಾಗ ಸಾಕಿತ್ತು. ಕೈಗಡಿಯಾರದಲ್ಲಿ ಹನ್ನೆರಡೂವರೆ. ನಿಜವಾಗಿಯೂ ಅರ್ಧ ದಿನದ ಕೆಲಸ.

ಮರುದಿನ ಭಾನುವಾರ ಬೆಳಕು ಹರಿಯುವಾಗ ಅವನು ತಿರುವನಂತಪುರಕ್ಕೆ ಹೊರಟ. ಎರಡು ವರ್ಷಗಳಿಂದ ಪ್ರತಿ ತಿಂಗಳ ಎರಡನೆಯ ಶನಿವಾರ ರೈಲಿನಲ್ಲಿ ಹೋಗಿ, ಪಟ್ಟಂನಲ್ಲಿ ದಾಕ್ಷಾಯಣಿಯ ಅಣ್ಣ ರಾಮದಾಸನ ಮನೆಯ ವರಾಂಡದಲ್ಲಿ ಒಂದು ಗಂಟೆ ಕೂತು, ಅವಳು ತಂದಿಟ್ಟ ಕಾಫಿ ಕುಡಿದು ಬರುತ್ತಿದ್ದ. ಕಾರು ಟಾರ್ಪಾಲಿನ ಕೆಳಗೆ ಇತ್ತು. ಈಗ ರಾಮದಾಸ ಕಾಗದ ಬರೆದಿದ್ದ: ತನಗೆ ನಾಗಪುರಕ್ಕೆ ವರ್ಗವಾಗಿದೆ, ಜೂನ್ ಒಂದಕ್ಕೆ ಅಲ್ಲಿ ಹಾಜರಾಗಬೇಕು. ದಾಕ್ಷಾಯಣಿ ನಮ್ಮ ಜತೆ ಬರುವುದಾದರೆ ನಮಗೆ ಸಂತೋಷವೇ, ಆದರೆ ಅವಳು ನಿನ್ನ ಹೆಂಡತಿ, ನೀನೇ ಬಂದು ಕೇಳು. ಕಾಗದ ಓದಿದ ದಿನವೇ ಅವನು ಮಟ್ಟಾಂಚೇರಿಗೆ ಹೋದದ್ದು. ಬಾಯಿಬಿಟ್ಟು ಕೇಳುವುದು ಅವನಿಂದ ಆಗದು. ಸೀಟು ತೋರಿಸಬಹುದು. ನೋಡು, ಎನ್ನಬಹುದು. ಅಷ್ಟರಿಂದ ಅವಳಿಗೆ ಎಲ್ಲ ಅರ್ಥವಾಗಬಹುದು ಎಂದು, ಅರೂರು ಸೇತುವೆ ದಾಟುವಾಗಲೂ, ಆಲಪ್ಪುಳದ ಕಾಲುವೆಗಳ ಪಕ್ಕದಲ್ಲಿ ಹೋಗುವಾಗಲೂ ಅವನು ತನಗೆ ತಾನೇ ಹೇಳಿಕೊಂಡ. ಖಾಲಿ ಸೀಟಿನ ಬೆಲ್ಟಿನ ಕೊಂಡಿ ಗುಂಡಿ ಬಂದಾಗಲೆಲ್ಲ ಬಾಗಿಲಿಗೆ ಬಡಿದು ಟಿಣ್ ಎನ್ನುತ್ತಿತ್ತು.

ಕೊಲ್ಲಂ ದಾಟಿದ ಮೇಲೆ ಅವನು ವೇಗ ತಗ್ಗಿಸಿದ. ಅವತ್ತೂ ಭಾನುವಾರ. ಎಪ್ಪತ್ತೆರಡರ ಏಪ್ರಿಲ್. ರಾಮದಾಸನ ಹೊಸ ಮನೆಯ ಒಕ್ಕಲಿಗೆ, ಗೃಹಪ್ರವೇಶದ ಊಟಕ್ಕೆ, ಮೂವರೂ ಹೊರಟಿದ್ದರು. ಮಗಳು ಮೋಹಿನಿಗೆ ಹದಿನಾಲ್ಕು. ಮುಂದೆ ಕೂರಬೇಕೆಂದು ಹಟ ಮಾಡಿ ಕೂತಿದ್ದಳು. ದಾಕ್ಷಾಯಣಿ ಹಿಂದೆ. ಆಟ್ಟಿಂಗಲ್ ಹತ್ತಿರ ಒಂದು ಇಳಿಜಾರಿನಲ್ಲಿ ಸೈಕಲ್ಲಿನವನೊಬ್ಬ ಅಡ್ಡ ಬಂದ. ಇವನು ಬ್ರೇಕ್ ಒತ್ತಿದ. ಸೈಕಲ್ಲಿನವನಿಗೆ ಏನೂ ಆಗಲಿಲ್ಲ, ನಿಂತು ನೋಡಿ ಹೋಗಿಯೂಬಿಟ್ಟ. ಕಾರು ನಿಂತಿತು, ಸೀಟು ನಿಲ್ಲಲಿಲ್ಲ. ಉಳ್ಳೂರಿನ ಹತ್ತಿರದ ದೊಡ್ಡಾಸ್ಪತ್ರೆಯಲ್ಲಿ ಹತ್ತೊಂಬತ್ತು ದಿನ ಮೋಹಿನಿ ಕಣ್ಣು ಬಿಡದೆ ಮಲಗಿದ್ದಳು. ಇಪ್ಪತ್ತನೆಯ ಬೆಳಿಗ್ಗೆ, ಎಲ್ಲ ಮುಗಿಯಿತೆಂದು ನರ್ಸ್ ಬಂದು ಹೇಳುವಾಗ, ಅವನು ಕೆಳಗಿನ ಅಂಗಡಿಯಲ್ಲಿ ಇಡ್ಲಿ ತಿನ್ನುತ್ತಿದ್ದ. ಮೆಟ್ಟಿಲು ಹತ್ತಿ ಹೋಗುವಾಗ ಬಾಯಲ್ಲಿ ಇನ್ನೂ ಚಟ್ನಿಯ ರುಚಿ ಇತ್ತು. ಅದಕ್ಕಾಗಿ ಅವನು ತನ್ನನ್ನು ಕ್ಷಮಿಸಿರಲಿಲ್ಲ, ಉಳಿದುದಕ್ಕಿಂತ ಹೆಚ್ಚಾಗಿ ಅದಕ್ಕೇ. ಪೊಲೀಸರು ಕೇಳಿದಾಗ ದಾಕ್ಷಾಯಣಿ ಹೇಳಿಕೆ ಕೊಟ್ಟಳು: ನಾನು ಹಿಂದಿನ ಸೀಟಿನಲ್ಲಿ ಕೂತು ಎಲ್ಲವನ್ನೂ ನೋಡಿದೆ, ಸೈಕಲ್ಲು ಒಮ್ಮೆಲೇ ಬಂತು, ಇವರು ನಿಧಾನವಾಗಿಯೇ ಓಡಿಸುತ್ತಿದ್ದರು, ಬೇರೆ ಯಾರೇ ಆಗಿದ್ದರೂ ಇಷ್ಟೇ ಮಾಡಲು ಸಾಧ್ಯವಿತ್ತು. ಕೇಸು ಅಲ್ಲಿಗೇ ಮುಗಿಯಿತು. ಆ ಮೇಲೆ ಅವಳು ಎರ್ನಾಕುಲಂಗೆ ಬರಲಿಲ್ಲ. ಆದರೂ ಆ ಹೇಳಿಕೆ ಇತ್ತು. ನಿದ್ದೆ ಬರದಾಗ ಉಪೇಂದ್ರ ಅದನ್ನು ಬಾಯಿಪಾಠ ಹೇಳಿಕೊಳ್ಳುತ್ತಿದ್ದ. ಬೇರೆ ಯಾರೇ ಆಗಿದ್ದರೂ ಇಷ್ಟೇ. ಕಣ್ಣಾರೆ ಕಂಡವಳ ಮಾತು. ಸೀಟಿನ ವಿಷಯ ಅವಳು ಎತ್ತಿರಲಿಲ್ಲ. ಅದೊಂದು ತೂತನ್ನು ಬಿಟ್ಟರೆ ಉಳಿದ ಮಾತೆಲ್ಲ ಗಟ್ಟಿ, ಅದರ ಮೇಲೆ ಅವನು ಎರಡು ವರ್ಷ ನಿಂತಿದ್ದ.

ಪಟ್ಟಂ ತಲುಪುವಾಗ ಹನ್ನೆರಡು ದಾಟಿತ್ತು. ರಾಮದಾಸನ ಮನೆಯ ಜಗಲಿಯಲ್ಲಿ ಆಗಲೇ ಎರಡು ಮರದ ಪೆಟ್ಟಿಗೆಗಳು, ಹಗ್ಗ ಸುತ್ತಿದ ಟ್ರಂಕುಗಳು. ಕಾರು ನಿಂತದ್ದು ಕಂಡು ರಾಮದಾಸ ಬಾಗಿಲಲ್ಲೇ ತಡೆದು ನಿಂತ. ಆಮೇಲೆ ಏನೂ ಆಗದವನ ಹಾಗೆ, "ಬಾ, ಬಾ, ಊಟಕ್ಕೆ ಸರಿಯಾಗಿ ಬಂದೆ," ಎಂದ. ಊಟದ ಹೊತ್ತಿಗೆ ಅವನು ನಾಗಪುರದ ಬಿಸಿಲಿನ ಬಗ್ಗೆ, ಕ್ವಾರ್ಟರ್ಸಿನ ಬಗ್ಗೆ ಬೇಕಾದ್ದಕ್ಕಿಂತ ಹೆಚ್ಚು ಮಾತಾಡಿದ. ದಾಕ್ಷಾಯಣಿ ಬಡಿಸಿದಳು. ಅವಳ ಕೂದಲು ಕಿವಿಯ ಹತ್ತಿರ ಪೂರ್ತಿ ಬೆಳ್ಳಗಾಗಿತ್ತು. ನೆರೆಯ ಮಕ್ಕಳಿಗೆ ಹಿಂದಿ ಹೇಳಿಕೊಡುತ್ತಿದ್ದಳಾದ್ದರಿಂದ ಬೆರಳಿಗೆ ಕೆಂಪು ಶಾಯಿ. "ಸಾಂಬಾರ್ ಹಾಕಲಾ?" ಎಂದು ಅತಿಥಿಯನ್ನು ಕೇಳುವಂತೆ ಕೇಳಿದಳು. ಸಾಕು, ಎಂದ. ಅವನು ಸಾಕು ಎಂದ ಮೇಲೂ ಒಂದು ಸೌಟು ಹಾಕುವುದು ಅವಳ ವಾಡಿಕೆಯಾಗಿತ್ತು. ಈಗ ಪಾತ್ರೆ ಹಿಡಿದು ಒಳಗೆ ಹೋದಳು.

ಕೈ ತೊಳೆದ ಮೇಲೆ ಅವನು ಅಂಗಳದಲ್ಲಿ ಕಾರಿನ ಹತ್ತಿರ ನಿಂತ. ಅವಳು ಬರುತ್ತಾಳೆಂಬ ಭರವಸೆ ಇರಲಿಲ್ಲ, ಆದರೆ ಬಂದಳು. ಸೆರಗಿನಿಂದ ಕೈ ಒರೆಸುತ್ತ ಎಡಗಡೆಯ ಕಿಟಕಿಯಿಂದ ಒಳಗೆ ನೋಡಿದಳು.

"ಸೀಟು ಬದಲಿಸಿದೆ," ಎಂದ ಉಪೇಂದ್ರ. "ಎರಡೂ. ಇದು ಬೆಲ್ಟು. ಪರದೇಶದಲ್ಲಿ ಈಗ ಎಲ್ಲ ಕಾರಿನಲ್ಲೂ ಹಾಕುತ್ತಾರಂತೆ. ಎಳೆದು ಇಲ್ಲಿ ಸಿಕ್ಕಿಸಿದರೆ..."

"ಎಷ್ಟು ದಿನ ಹಿಡಿಯಿತು?"

ಒಂದು ವಾರ, ಹತ್ತು ದಿನ. ಬಾಯಿಗೆ ಬಂದ ಲೆಕ್ಕಗಳೆಲ್ಲ ನಾಲಗೆಯ ಮೇಲೆ ಸಾಲಾಗಿ ನಿಂತವು. ವರ್ಕ್‌ಶಾಪಿನ ಸ್ಟೂಲಿನ ಮೇಲೆ ಕೂತಂತೆಯೇ ಅವನಿಗೆ ಅನಿಸಿತು.

"ಅರ್ಧ ದಿನ," ಎಂದ.

ದಾಕ್ಷಾಯಣಿ ತಲೆಯಾಡಿಸಿದಳು, ಗೊತ್ತಿದ್ದುದನ್ನೇ ಕೇಳಿದವಳ ಹಾಗೆ. ಬಾಗಿಲು ತೆರೆದು ಕೂತಳು. ಅವನು ಬಗ್ಗಿ, ಅವಳ ಮೈಗೆ ಕೈ ತಾಗದ ಹಾಗೆ ಎಚ್ಚರ ವಹಿಸಿ, ಪಟ್ಟಿ ಎಳೆದು ಸಿಕ್ಕಿಸಿದ. "ಸ್ವಲ್ಪ ದೂರ ಹೋಗುವ," ಎಂದಳು ಅವಳು. "ಇವತ್ತಿನವರೆಗೆ ಆಸ್ಪತ್ರೆಯ ಕಡೆಯ ಆ ರಸ್ತೆಗೆ ನಾನು ಹೋಗಿಲ್ಲ. ಬಸ್ಸು ಉಳ್ಳೂರು ದಾಟುವಾಗಲೂ ಕಣ್ಣು ಮುಚ್ಚಿ ಕೂರುತ್ತೇನೆ. ಊರು ಬಿಡುವ ಮೊದಲು ಒಮ್ಮೆ ನೋಡಬೇಕು."

ಊರು ಬಿಡುವ ಮೊದಲು. ಹಾಗಾದರೆ ತೀರ್ಮಾನವಾಗಿದೆ. ಉಪೇಂದ್ರ ಗೇರ್ ಹಾಕಿದ. ಭಾನುವಾರದ ಮಧ್ಯಾಹ್ನ, ಕಚೇರಿಗಳೆಲ್ಲ ಮುಚ್ಚಿದ ಪಟ್ಟಂ ರಸ್ತೆಯಲ್ಲಿ ಜನ ಇರಲಿಲ್ಲ. ಮುಂದೆ ಒಂದು ಸಿಟಿ ಬಸ್ಸು ಹೊಗೆ ಬಿಡುತ್ತ ಹೋಗುತ್ತಿತ್ತು. ಅವನು ಸೈಕಲ್ಲಿಗಿಂತಲೂ ಮೆಲ್ಲಗೆ ಅದರ ಹಿಂದೆ ಹೋದ. ಹಾಗೆ ಹೋಗುತ್ತಿದ್ದರೂ, ಉಳ್ಳೂರು ಜಂಕ್ಷನ್ನಿನಲ್ಲಿ ಯಾರೋ ಕೈ ತೋರಿಸಿದರೆಂದು ಬಸ್ಸು ಗಕ್ಕನೆ ನಿಂತಿತು. ಅವನ ಕಾಲು ಬ್ರೇಕಿಗೆ ಹೋಯಿತು, ಅದರ ಜತೆಗೇ ಎಡಗೈ ಸ್ಟಿಯರಿಂಗ್ ಬಿಟ್ಟು ಹಾರಿ ದಾಕ್ಷಾಯಣಿಯ ಎದೆಗೆ ಅಡ್ಡವಾಗಿ ನಿಂತಿತು. ಬೆಲ್ಟು ಬಿಗಿಯಿತು. ಅವಳು ಒಂದಿಂಚೂ ಮುಂದೆ ಹೋಗಿರಲಿಲ್ಲ. ಕೈಗೆ ಅಲ್ಲಿ ಮಾಡುವುದಕ್ಕೆ ಕೆಲಸವಿರಲಿಲ್ಲ. ಆದರೂ ಅದು ಅಲ್ಲಿಯೇ ಇತ್ತು. ಅವಳು ಆ ಕೈಯನ್ನೇ ನೋಡಿದಳು.

"ಬದಿಗೆ ನಿಲ್ಲಿಸಿ."

ಆಸ್ಪತ್ರೆಯ ಕಡೆ ಹೋಗುವ ರಸ್ತೆಯ ಬದಿಯಲ್ಲಿ, ಒಂದು ಹಲಸಿನ ಮರದ ಕೆಳಗೆ ನಿಲ್ಲಿಸಿದ. ಫ್ಲಾಸ್ಕ್ ಹಿಡಿದ ಹೆಂಗಸರು, ಮಡಚಿದ ಚಾಪೆ ಕಂಕುಳಲ್ಲಿಟ್ಟ ಗಂಡಸರು ಹೋಗುತ್ತಿದ್ದರು, ಬರುತ್ತಿದ್ದರು.

"ಅವತ್ತೂ ಹೀಗೆ ಕೈ ಅಡ್ಡ ಹಿಡಿದಿರಾ?" ಎಂದು ಕೇಳಿದಳು.

"ಇಲ್ಲ," ಎಂದ. ಅವತ್ತು ಎರಡೂ ಕೈಗಳೂ ಸ್ಟಿಯರಿಂಗಿನ ಮೇಲೆ ಇದ್ದವು, ಅವನನ್ನು ಮಾತ್ರ ಹಿಡಿದುಕೊಂಡಿದ್ದವು. ಆಮೇಲೆ ಆ ಪ್ರಶ್ನೆ ಅವನಿಗೆ ಮೆಲ್ಲಗೆ ತಟ್ಟಿತು. "ನೀನು ಹಿಂದೆಯೇ ಕೂತಿದ್ದೆಯಲ್ಲ. ಎಲ್ಲ ನೋಡಿದೆ ಅಂತ ಹೇಳಿದ್ದೆ."

"ನಾನು ನಿದ್ದೆ ಮಾಡುತ್ತಿದ್ದೆ."

ಅವನು ತಿರುಗಿ ನೋಡಿದ.

"ಕೊಲ್ಲಂ ದಾಟಿದ್ದು ಗೊತ್ತು. ಆಮೇಲೆ ಗೊತ್ತಿಲ್ಲ. ಎಚ್ಚರವಾಗುವಾಗ ಎಲ್ಲ ಆಗಿಹೋಗಿತ್ತು. ಪೊಲೀಸಿನವನು ಬರೆದುಕೊಳ್ಳುವುದಕ್ಕೆ ಪೆನ್ನು ತೆಗೆದ. ನೀವು ಗೋಡೆಗೆ ಒರಗಿ ನಿಂತಿದ್ದಿರಿ. ನಿಮ್ಮ ಮುಖ ನೋಡಿ ಏನು ಹೇಳಬೇಕಿತ್ತೋ ಅದನ್ನು ಹೇಳಿದೆ. ಅವಳನ್ನೂ ಕಳೆದುಕೊಂಡು ನಿಮ್ಮನ್ನೂ ಜೈಲಿಗೆ ಕಳಿಸುವುದಾ? ಹೇಳಿದೆ. ಆದರೆ ಹೇಳಿದ ಮೇಲೆ ನಿಮ್ಮ ಜತೆ ಒಂದು ಮನೆಯಲ್ಲಿ ಇರುವುದಕ್ಕೆ ನನ್ನಿಂದ ಆಗಲಿಲ್ಲ. ನೀವು ಪ್ರತಿ ಸಲವೂ ನನ್ನನ್ನು ಎಲ್ಲ ಕಂಡವಳ ಹಾಗೆ ನೋಡುತ್ತಿದ್ದಿರಿ."

ಉಪೇಂದ್ರ ಎರಡು ವರ್ಷ ಬಾಯಿಪಾಠ ಹೇಳಿಕೊಂಡ ಹೇಳಿಕೆಯ ಒಂದೊಂದೇ ವಾಕ್ಯ ಕಳಚಿ ಬಿತ್ತು. ಕಂಡು ಹೇಳಿದವರು ಯಾರೂ ಇರಲಿಲ್ಲ. ಆ ಇಳಿಜಾರಿನಲ್ಲಿ ಕಾರಿನೊಳಗೆ ಎಚ್ಚರವಿದ್ದವರು ಇಬ್ಬರೇ, ಅವರಲ್ಲಿ ಒಬ್ಬಳು ಇಲ್ಲ. ಅವನು ನಿಧಾನವಾಗಿ ಓಡಿಸುತ್ತಿದ್ದನೋ, ಬೇರೆ ಯಾರೇ ಆಗಿದ್ದರೂ ಇಷ್ಟೇ ಆಗುತ್ತಿತ್ತೋ, ಹೇಳಬೇಕಾದವನು ಇನ್ನು ಅವನೊಬ್ಬನೇ, ಮತ್ತು ಅವನಿಗೆ ಗೊತ್ತಿರಲಿಲ್ಲ.

"ನನಗೆ ಬೇರೇನೂ ಬೇಡ," ಎಂದಳು ದಾಕ್ಷಾಯಣಿ. ಅವಳ ದನಿ ತಗ್ಗಿತು. "ನಾನು ಮಲಗಿದ್ದಾಗ ಅವಳು ಎಂತ ಮಾತಾಡುತ್ತಿದ್ದಳು? ಅದೊಂದು ನನಗೆ ಬೇಕು. ಕಡೆಯ ಒಂದು ಗಂಟೆ ಅವಳು ಮಾತಾಡಿದ್ದು ನಾನು ಕೇಳಲಿಲ್ಲ. ನೀವು ಕೇಳಿದ್ದೀರಿ."

ಇದೇ ಪ್ರಶ್ನೆಗೆ ಅವನು ಹೆದರಿದ್ದು, ಬೋಲ್ಟಿನ ಪ್ರಶ್ನೆಗಲ್ಲ. ಎದುರಿನ ಗಾಜಿನ ಮೇಲೆ ಹಲಸಿನ ಎಲೆಯೊಂದು ಬಿದ್ದು, ನಿಂತು, ಜಾರಿತು.

"ಕಲ್ಲಂಬಲದವರೆಗೆ ಮಾತಾಡಿದಳು," ಎಂದ. "ಮಲಯಾಳದಲ್ಲಿ. ಏನು ಕೇಳಿದರೂ ಮಲಯಾಳ. ಅವಳ ಮಾವನ ಹೊಸ ಮನೆಯಲ್ಲಿ ಕಾಸರಗೋಡಿನವರೆಲ್ಲ ಬಂದಿರುತ್ತಾರೆ, ಇವಳು ಅವರೆದುರು ಹೀಗೆ ಮಾತಾಡಿದರೆ ನನಗೆ ಅವಮಾನ ಅಂತ ಅನಿಸಿತು. ಕನ್ನಡದ ಭಾಷಾಂತರಕಾರನ ಮಗಳು. ಸಿಟ್ಟು ಬಂತು. ಕನ್ನಡದಲ್ಲಿ ಹೇಳು, ಇಲ್ಲದಿದ್ದರೆ ಬಾಯಿ ಮುಚ್ಚಿಕೊಂಡು ಕೂರು ಅಂದೆ."

"ಆಮೇಲೆ?"

"ಕೂತಳು."

ಅಲ್ಲಿಂದ ಆಟ್ಟಿಂಗಲ್ಲಿನ ಇಳಿಜಾರಿನವರೆಗೆ ಹತ್ತು ಹನ್ನೆರಡು ನಿಮಿಷ ಇದ್ದಿರಬಹುದು. ಅಷ್ಟು ಹೊತ್ತೂ ಕಿಟಕಿಯ ಹೊರಗೆ ನೋಡುತ್ತ ಕೂತಿದ್ದಳು, ಜಡೆ ಮಾತ್ರ ಇವನ ಕಡೆಗೆ. ಅವನು ಸಮಾಧಾನವಾಯಿತೆಂದುಕೊಂಡಿದ್ದ. ಕಾರಿನಲ್ಲಿ ಹಿತವಾದ ಮೌನ ಎಂದುಕೊಂಡಿದ್ದ.

ದಾಕ್ಷಾಯಣಿ ಅಳಲಿಲ್ಲ. "ಅದಕ್ಕೆ ಮೊದಲು ಏನು ಹೇಳಿದ್ದಳು? ನಿಮಗೆ ಸಿಟ್ಟು ಬಂದ ಮಾತು?"

"ಹೊಸ ಚಪ್ಪಲಿ ಕಚ್ಚುತ್ತದೆ ಅಂತ. ನಿನಗೆ ಹೇಳಬೇಡ ಅಂತ."

"ಚಪ್ಪಲಿಯಾ?" ಅವಳು ಥಟ್ಟನೆ ತಿರುಗಿದಳು. "ಅದಕ್ಕೆ ಬಿಚ್ಚಿದ್ದಾ? ಅವಳನ್ನು ಎತ್ತಿಕೊಂಡು ಹೋಗುವಾಗ ಬರಿಗಾಲು. ಹತ್ತೊಂಬತ್ತು ದಿನವೂ ಆ ಪಾದಗಳನ್ನೇ ನೋಡುತ್ತ ಕೂತಿದ್ದೆ. ಚಪ್ಪಲಿ ಎಲ್ಲಿ ಹೋಯಿತು, ಯಾಕೆ ಬಿಚ್ಚಿದಳು ಅಂತ. ಅಂಗಡಿಯಲ್ಲಿ ಬಿಗಿಯಾಗುತ್ತದೆ ಬೇಡ ಅಂತ ನಾನು ಹೇಳಿದ್ದೆ. ಅದೇ ಬೇಕು ಅಂತ ಹಟ ಮಾಡಿದ್ದಳು. ಅದಕ್ಕೇ ನನಗೆ ಹೇಳಬೇಡ ಅಂದದ್ದು." ಅವಳ ಮುಖ ಒಮ್ಮೆ ನಗುವಿನ ಹತ್ತಿರಕ್ಕೆ ಬಂದು, ದಾರಿ ತಪ್ಪಿ, ಒಡೆದುಹೋಯಿತು. ಸೆರಗನ್ನು ಬಾಯಿಗೆ ಒತ್ತಿ ಮುಂದಕ್ಕೆ ಬಾಗಲು ಹೋದಳು, ಬೆಲ್ಟು ಬಾಗಲು ಬಿಡಲಿಲ್ಲ. ನೆಟ್ಟಗೆ ಕೂತೇ ಅತ್ತಳು. ಉಪೇಂದ್ರ ಎಡಗೈಯನ್ನು ಸೀಟುಗಳ ನಡುವೆ ಇಟ್ಟ. ಅವಳು ಅದನ್ನು ಹಿಡಿಯಲಿಲ್ಲ, ತಳ್ಳಲೂ ಇಲ್ಲ.

ಸ್ವಲ್ಪ ಹೊತ್ತಿನ ಮೇಲೆ ಮೂಗು ಒರೆಸಿಕೊಂಡು, "ಕನ್ನಡ ಬೇಡ," ಎಂದಳು. "ಅವಳು ಹೇಳಿದ ಹಾಗೆಯೇ ಹೇಳಿ."

ಹದಿನೈದು ವರ್ಷ ಬೇರೆಯವರ ಮಾತನ್ನು ಬೇರೆ ಭಾಷೆಗೆ ತಿರುಗಿಸಿದವನಿಗೆ, ಇದ್ದ ಮಾತನ್ನು ಇದ್ದ ಹಾಗೆ ಹೇಳುವುದು ಇಷ್ಟು ಕಷ್ಟವೆಂದು ತಿಳಿದಿರಲಿಲ್ಲ. "ಈ ಚೆರಿಪ್ಪ್ ಕಡಿಕ್ಕುನ್ನು," ಎಂದ. "ಅಮ್ಮಯೋಡ್ ಪರಯಲ್ಲೇ."

ಅವಳು ಕಣ್ಣು ಮುಚ್ಚಿ ಕೇಳಿದಳು.

ಅವನು ಕಾರನ್ನು ಮರಳಿ ಪಟ್ಟಂಗೆ ತಿರುಗಿಸಿದ. ಗೇಟಿನ ಎದುರು ಕಾರು ನಿಂತ ಮೇಲೆ, "ನಾನು ನಾಗಪುರಕ್ಕೆ ಹೋಗುತ್ತೇನೆ," ಎಂದಳು. "ಕಾಗದ ಬರೆಯುತ್ತೇನೆ. ನೀವೂ ಬರೆಯಿರಿ. ಬೇರೆ ಏನಾದರೂ ಅವಳು ಹೇಳಿದ್ದು ನೆನಪಿಗೆ ಬಂದರೆ ಬರೆಯಿರಿ."

"ಆಗಲಿ," ಎಂದ. ಎರ್ನಾಕುಲಂಗೆ ಬಾ ಎನ್ನುವ ಮಾತು ಹೊಟ್ಟೆಯಲ್ಲೇ ಉಳಿಯಿತು. ಈಗ ಅದನ್ನು ಹೇಳುವ ಹಕ್ಕು ತನಗಿಲ್ಲವೆಂದು ಅವನಿಗೆ ಮೊದಲ ಸಲ ಸಿಟ್ಟಿಲ್ಲದೆ, ನಾಚಿಕೆಯಿಲ್ಲದೆ ತಿಳಿಯಿತು.

ಅವಳು ಇಳಿಯಲಿಲ್ಲ. ಮಡಿಲಲ್ಲಿ ಕೈಯಿಟ್ಟುಕೊಂಡು, ಕಟ್ಟಿದ ಪಟ್ಟಿಯ ಹಿಂದೆ ಹಾಗೆಯೇ ಕೂತಿದ್ದಳು. ಒಳಗಿನಿಂದ ರಾಮದಾಸ ಮೊಳೆ ಹೊಡೆಯುವ ಸದ್ದು ಕೇಳುತ್ತಿತ್ತು.

"ಇನ್ನೊಮ್ಮೆ ಹೇಳಿ," ಎಂದಳು.

ಅವನು ಹೇಳಿದ. ಈ ಸಲ ಕಡೆಯ ಅಕ್ಷರ ತಾನಾಗಿಯೇ ಸ್ವಲ್ಪ ಎಳೆದುಕೊಂಡಿತು, ಗೋಗರೆಯುವಂತೆ, ಮೋಹಿನಿ ಎಳೆಯುತ್ತಿದ್ದ ಹಾಗೆ. ದಾಕ್ಷಾಯಣಿ ಮೆಲ್ಲಗೆ, "ಇಲ್ಲ, ಹೇಳುವುದಿಲ್ಲ," ಎಂದಳು. ಅದು ಅವನಿಗೆ ಹೇಳಿದ್ದಲ್ಲ. ಆಮೇಲೆ ಕೊಂಡಿ ಬಿಚ್ಚಿ ಇಳಿದು ಒಳಗೆ ಹೋದಳು.